ನಕ್ಷೆಗಾರ್ತಿ ವಿದೊಸಾವಾ ಮತ್ತು ಹನ್ನೆರಡು ದಿನ

ವಿದೊಸಾವಾ ಸ್ತೊಯ್ಕೊವಿಚ್ ಸತ್ತ ಸುದ್ದಿ ನನಗೆ ಸಿಕ್ಕಿದ್ದು ಅವಳನ್ನು ಮಣ್ಣು ಮಾಡಿ ನಾಲ್ಕು ದಿನವಾದ ಮೇಲೆ, ಪಿಂಚಣಿಯ ಸಾಲಿನಲ್ಲಿ. ಮುಂದೆ ನಿಂತಿದ್ದವನು ತಿರುಗಿ, "ಗವ್ರಾ ಅವ್ರೇ, ನಿಮ್ಮ ಕಚೇರೀಲಿ ಗೆರೆ ಎಳೀತಿದ್ಳಲ್ಲ ಆ ಮುದುಕಿ, ಹೋದ್ಲಂತೆ" ಎಂದ. ಮೂವತ್ತು ವರ್ಷ ಈ ದೇಶದಲ್ಲಿ ಯಾರು ಏನು ಕಂಡುಹಿಡಿದರೂ ಅದರ ಚಿತ್ರ ಅವಳ ಕೈ ದಾಟಿಯೇ ಒಳಗೆ ಬರುತ್ತಿತ್ತು. ಕೊನೆಗೆ ಉಳಿದ ಹೆಸರು ಗೆರೆ ಎಳೆಯುವ ಮುದುಕಿ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವಳ ಪರವಾಗಿ ಸಿಟ್ಟಾಗುವ ಯೋಗ್ಯತೆ ನನಗಿಲ್ಲ, ಅದಕ್ಕೇ ಸುಮ್ಮನಾದೆ. ಯಾಕಿಲ್ಲ ಎನ್ನುವುದನ್ನು ಬರೆಯಲು ಈಗ ಕೂತಿದ್ದೇನೆ.

ಅವಳ ಅಪ್ಪ ಭೂಮಾಪಕ. ಮಗಳಿಗೆ ಏಳು ವರ್ಷವಾದಾಗಲೇ ಕೈಗೆ ಮಸಿಯ ಪೆನ್ನು ಕೊಟ್ಟು ಗೆರೆ ಎಳೆಯಲು ಕೂರಿಸಿದವನು. ಸಾವಿರದ ಒಂಬೈನೂರ ಹದಿನೈದರ ಯುದ್ಧದ ಚಳಿಗಾಲದಲ್ಲಿ, ಶತ್ರುವಿನಿಂದ ತಪ್ಪಿಸಿಕೊಳ್ಳಲು ಇಲ್ಲಿನ ಸೈನ್ಯವೂ ಜನವೂ ಅಲ್ಬಾನಿಯಾದ ಬೆಟ್ಟ ಹತ್ತಿ ಓಡಿದಾಗ ಅಪ್ಪ ಮಗಳು ಇಬ್ಬರೂ ಆ ಸಾಲಿನಲ್ಲಿದ್ದರು. ಅಪ್ಪ ಬೆಟ್ಟದ ಮೇಲೆಯೇ ಉಳಿದ. ಅವಳು ಅಪ್ಪನ ಪೆನ್ನುಗಳ ಪೆಟ್ಟಿಗೆ ಹೊತ್ತುಕೊಂಡು ಇಳಿದಳು. "ಅಪ್ಪನ್ನ ಹಿಮದಲ್ಲಿ ಬಿಟ್ಟು ಪೆಟ್ಟಿಗೆ ತಂದೋಳು" ಎಂದು ಅವಳ ಚಿಕ್ಕಮ್ಮ ಸಾಯುವವರೆಗೂ ಹಂಗಿಸಿದಳು. ವಿದೊಸಾವಾ ಇದನ್ನು ನನಗೆ ಹೇಳುವಾಗ ನಗುತ್ತಿದ್ದಳು. ಅವಳಿಗೆ ಅಳುವ ಮಾತನ್ನು ನಗುತ್ತಾ ಹೇಳುವ ಕೆಟ್ಟ ಅಭ್ಯಾಸವಿತ್ತು.

ಯುದ್ಧ ಮುಗಿದು ದೇಶ ಹೊಸದಾಗಿ ಹೊಲಿದುಕೊಂಡಾಗ ಬೆಲ್‌ಗ್ರೇಡಿನಲ್ಲಿ ಪೇಟೆಂಟ್ ಕಚೇರಿ ತೆರೆಯಿತು. ಕಚೇರಿ ಎಂದರೆ ಸತ್ತುಹೋದ ಒಬ್ಬ ಚರ್ಮದ ವ್ಯಾಪಾರಿಯ ಮನೆ. ಗುಂಡಿಗೆ ಒಡೆದ ಕಿಟಕಿಗಳಿಗೆ ಎಣ್ಣೆ ಕಾಗದ ಅಂಟಿಸಿದ್ದರು, ಕಪಾಟಿಲ್ಲದ್ದಕ್ಕೆ ಕಡತಗಳನ್ನು ಸೈನ್ಯದ ಬಿಸ್ಕತ್ತಿನ ಡಬ್ಬಗಳಲ್ಲಿ ಇಡುತ್ತಿದ್ದೆವು. ನೌಕರರಲ್ಲಿ ಅರ್ಧ ಜನ ನನ್ನಂತೆ ನದಿಯ ಆಚೆಯಿಂದ ಬಂದವರು, ನಿನ್ನೆಯವರೆಗೆ ಇನ್ನೊಬ್ಬ ಚಕ್ರವರ್ತಿಗೆ ಸಲಾಮು ಹೊಡೆದವರು. ಇನ್ನರ್ಧ ಅದೇ ಚಕ್ರವರ್ತಿಯ ಮೇಲೆ ಗುಂಡು ಹಾರಿಸಿದವರು. ಒಂದೇ ಒಲೆಯ ಸುತ್ತ ಕೂತು ಎರಡು ಲಿಪಿಯಲ್ಲಿ ಬರೆಯುತ್ತಿದ್ದೆವು. ನಾನು ಅರ್ಜಿ ಸ್ವೀಕರಿಸುವ ಗುಮಾಸ್ತ. ತಾರೀಖಿನ ಮುದ್ರೆ ನನ್ನ ಕೈಯಲ್ಲಿತ್ತು.

ಮೊದಲ ಚಳಿಗಾಲ ಬಂದದ್ದೆಲ್ಲ ಮರದ ಕಾಲು. ಮರದ ಕಾಲು, ಮರದ ಕೈ, ಚಮಚ ಸಿಕ್ಕಿಸುವ ಕೊಕ್ಕೆ, ಒಂದೇ ಕೈಯಲ್ಲಿ ಬೂಟಿನ ದಾರ ಕಟ್ಟುವ ಸಾಧನ. ಹೊಸ ದೇಶ ಏನು ಕಂಡುಹಿಡಿದೀತು ಎಂದು ಕುತೂಹಲದಿಂದ ಕೂತಿದ್ದ ನಮಗೆ, ಅದು ಮೊದಲು ತನ್ನ ಕಳೆದುಹೋದ ಅಂಗಗಳನ್ನು ಹುಡುಕುತ್ತಿದೆ ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಅರ್ಜಿಯ ಜೊತೆ ನಕ್ಷೆ ಬೇಕು, ಕಪ್ಪು ಮಸಿಯಲ್ಲಿ, ಎರಡು ಪ್ರತಿ, ಒಂದು ದಪ್ಪ ಕಾಗದದ ಮೇಲೆ, ಒಂದು ಮೇಣ ಹಚ್ಚಿದ ತೆಳು ಬಟ್ಟೆಯ ಮೇಲೆ. ಬಂದವರಿಗೆ ಅದು ಬರುತ್ತಿರಲಿಲ್ಲ. ವಿದೊಸಾವಾ ಕಚೇರಿಯ ಎದುರಿನ ಕಾಫಿ ಅಂಗಡಿಯಲ್ಲಿ, ಬೆಳಕು ಬೀಳುವ ಕಿಟಕಿಯ ಪಕ್ಕದ ಮೇಜನ್ನು ಹಿಡಿದು ಕೂತಿದ್ದು ಹೀಗೆ. ಅರ್ಜಿದಾರರು ಮೊದಲು ಅವಳ ಮೇಜಿಗೆ, ಆಮೇಲೆ ನನ್ನ ಕಿಂಡಿಗೆ. ಗೆರೆ ಎಳೆಯುತ್ತಲೇ ಯಂತ್ರ ತಿರುಗುತ್ತದೋ ಇಲ್ಲವೋ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಒಬ್ಬ ಪಾದ್ರಿ ತಾನಾಗಿಯೇ ಎಂದೆಂದಿಗೂ ತಿರುಗುವ ಚಕ್ರ ತಂದಿದ್ದ. "ಗುರುಗಳೇ, ಇದು ತಿರುಗ್ಬೇಕಾದ್ರೆ ನೀವು ಹಗಲೂ ರಾತ್ರಿ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡ್ಬೇಕಾಗತ್ತೆ" ಎಂದಳು. ಪಾದ್ರಿ ಮುನಿಸಿಕೊಂಡು ಹೋದ. ಮಾರನೆಯ ದಿನ ಬಂದು ಅದೇ ಚಕ್ರದ ನಕ್ಷೆ ಬರೆಸಿಕೊಂಡು ಹೋದ.

ನನ್ನನ್ನೂ ಅವಳು ಬಿಡುತ್ತಿರಲಿಲ್ಲ. ನನಗೆ ಬೇರೆಯವರ ತಪ್ಪು ತಿದ್ದುವ ಚಟ. ಒಂದು ದಿನ ಅವಳು ನಕ್ಷೆಯಲ್ಲಿ ಯಂತ್ರದ ಯಾವುದೋ ಭಾಗಕ್ಕೆ ಗುರುತಿನ ಅಕ್ಷರ ತಪ್ಪು ಹಾಕಿದ್ದನ್ನು ಎಲ್ಲರೆದುರು ತೋರಿಸಿದೆ. ಇಡೀ ಕಾಫಿ ಅಂಗಡಿಗೆ ಕೇಳುವಂತೆ, "ಎಲ್ರೂ ಎದ್ದು ನಿಲ್ರಪ್ಪಾ, ಆಚೆ ದಡದ ಸಾಹೇಬ್ರು ಬಂದ್ರು! ಮೊನ್ನೆವರ್ಗೂ ಚಕ್ರವರ್ತಿ ಮೀಸೆ ತಿದ್ತಿದ್ರು, ಈಗ ನಮ್ಮನ್ನ ತಿದ್ತಾರೆ" ಎಂದಳು. ಜನ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕಂತೆ ಮಾಡಿದೆ. ಒಳಗೆ ಮಾತ್ರ ಮುಳ್ಳು ಮುರಿದುಕೊಂಡಿತು. ಅಂದು ಇಪ್ಪತ್ತೊಂದನೆಯ ಇಸವಿಯ ಅಕ್ಟೋಬರ್ ತಿಂಗಳ ಮೊದಲ ಬುಧವಾರ. ಅದು ನೆನಪಿರಲು ಕಾರಣ, ಮರುದಿನ ಗುರುವಾರ ಸ್ರೆತೆನ್ ಬಂದ.

ಸ್ರೆತೆನ್ ಯಾಕೊವ್ಲೆವಿಚ್, ವಾಲ್ಯೆವೊದ ಮೇಲಿನ ಗುಡ್ಡದೂರಿನವನು, ಪ್ಲಮ್ ತೋಟದವನು. ಎಡಗೈಯನ್ನು ದಕ್ಷಿಣದ ರಣರಂಗದಲ್ಲಿ ಬಿಟ್ಟು ಬಂದಿದ್ದ. ಪ್ಲಮ್ ಒಣಗಿಸುವ ಒಲೆಮನೆ ನಮ್ಮ ಗುಡ್ಡಗಳಲ್ಲಿ ಪ್ರತಿ ಹಿತ್ತಲಲ್ಲೂ ಇದೆ. ಕೆಳಗೆ ಬೆಂಕಿ, ಮೇಲೆ ಹಣ್ಣು ಹರಡಿದ ಬಿದಿರುತಟ್ಟೆಯಂಥ ಹೆಣೆದ ತಟ್ಟೆಗಳ ಸಾಲು. ಕೆಳಗಿನದನ್ನು ಮೇಲೆ, ಮೇಲಿನದನ್ನು ಕೆಳಗೆ ಬದಲಿಸುತ್ತಲೇ ಇರಬೇಕು, ಅದಕ್ಕೆ ಇಬ್ಬರು ಬೇಕು, ನಾಲ್ಕು ಕೈ ಬೇಕು. ಸ್ರೆತೆನ್‌ಗೆ ಇದ್ದದ್ದು ಒಂದು. ಅವನು ನೀರಿನ ಗಿರಣಿಯ ಚಕ್ರದ ಹಾಗೆ ಒಂದು ಚಕ್ರ ಮಾಡಿ ತಟ್ಟೆಗಳನ್ನು ಅದಕ್ಕೆ ತೂಗುಹಾಕಿ, ಹೊರಗಿನಿಂದ ಒಂದೇ ಕೈಯಲ್ಲಿ ಹಿಡಿ ತಿರುಗಿಸಿದರೆ ಎಲ್ಲ ತಟ್ಟೆಗಳೂ ಸರದಿಯಂತೆ ಬೆಂಕಿಯ ಮೇಲೆ ಹಾದುಹೋಗುವಂತೆ ಮಾಡಿದ್ದ. ಒಂದು ಹಣ್ಣೂ ಸುಡುತ್ತಿರಲಿಲ್ಲ, ಸೌದೆ ಅರ್ಧಕ್ಕೆ ಇಳಿದಿತ್ತು. ಎರಡು ವರ್ಷದಲ್ಲಿ ಊರಿನ ಏಳು ಮನೆಗಳಿಗೆ ಕಟ್ಟಿಕೊಟ್ಟಿದ್ದ.

ವಿದೊಸಾವಾ ಅವನು ಗೀಚಿ ತಂದ ಕಾಗದವನ್ನು ಬಹಳ ಹೊತ್ತು ನೋಡಿದಳು. "ಅಣ್ಣಾ, ಇದು ತಿರುಗತ್ತೆ" ಎಂದಳು. ಅವಳ ಬಾಯಲ್ಲಿ ಆ ಮಾತು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು.

"ತಿರುಗ್ತದಾ? ತಿರುಗಿ ತಿರುಗಿ ನನ್ನ ತೋಳೇ ಸವೆದೋಯ್ತು ತಂಗ್ಯವ್ವ" ಎಂದು ಅವನು ನಕ್ಕ. ಆಮೇಲೆ ದನಿ ತಗ್ಗಿಸಿ, "ಹೋದ ತಿಂಗಳು ಹಳದಿ ಬೂಟಿನ ದೊಡ್ಡ ಮನ್ಸ ಒಬ್ಬ ಬಂದಿದ್ದ, ಒಣಹಣ್ಣು ಕೊಳ್ಳಾಕೆ. ನಮ್ಮನೆ ರಾಕಿಯಾ ಸಾರಾಯಿ ಕುಡ್ದ, ಒಲೆಮನೆ ಸುತ್ತ ಮೂರು ಸುತ್ತು ಹಾಕ್ದ, ಕೈಕೋಲಲ್ಲಿ ಅಳ್ದ. ಅವತ್ತಿಂದ ನಂಗೆ ನಿದ್ದೆ ಸರ್ಯಾಗಿ ಇಲ್ಲ" ಎಂದ.

ಅವಳು ಪೆನ್ನು ಕೆಳಗಿಟ್ಟಳು. ಕಚೇರಿ ತೆರೆಯುವ ಮೊದಲೇ ತಮ್ಮ ಉಪಾಯವನ್ನು ಬಳಕೆಗೆ ತಂದವರಿಗೆಂದು ಸರ್ಕಾರ ಒಂದು ಗಡುವು ಕೊಟ್ಟಿತ್ತು. ಆ ದಿನದೊಳಗೆ ಅರ್ಜಿ ಹಾಕಿದರೆ, ಮೊದಲು ಮಾಡಿದವನೇ ಒಡೆಯ. ಗಡುವು ಮುಗಿದ ಮೇಲೆ ಯಾರ ಕಾಗದ ಮೊದಲು ಬರುತ್ತದೋ ಅವನು. ಅದನ್ನು ಅವನಿಗೆ ಬಿಡಿಸಿ ಹೇಳಿ, "ನೀನೇ ಮೊದ್ಲು ಕಟ್ಟಿದ್ದು ಅಂತ ಮೂರು ಜನ ಸಾಕ್ಷಿ ಹೇಳ್ಬೇಕು, ತಾಲೂಕಿನ ಅಧಿಕಾರಿ ರುಜು ಹಾಕ್ಬೇಕು. ಅಷ್ಟರಲ್ಲಿ ನಾನು ನಕ್ಷೆ ಮುಗಿಸಿರ್ತೀನಿ. ಅಕ್ಟೋಬರ್ ಇಪ್ಪತ್ತಾರಕ್ಕೆ ಕೊನೆ" ಎಂದಳು.

"ನಂಬರಲ್ಲಿ ಹೇಳ್ಬ್ಯಾಡ ತಂಗ್ಯವ್ವ. ನಂಬರು ನನ್ ತಲೇಲಿ ನಿಲ್ಲಾಕಿಲ್ಲ. ಯಾವ ಸಂತನ ಹಬ್ಬದೊಳಗೆ ಅಂತ ಹೇಳು."

"ಮಿತ್ರೊವ್‌ದಾನ್ ಒಳಗೆ. ಅಲ್ಲೀವರ್ಗೂ ಸಮಯ ಇದೆ."

"ಮಿತ್ರೊವ್‌ದಾನಾ!" ಅವನು ಮೇಜು ಕುಟ್ಟಿದ. "ಅದು ನಮ್ಮನೆ ಸಂತನ ಹಬ್ಬ ಕಣವ್ವ. ಅದನ್ನ ಮರೆತ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬಂದು ಒದೀತಾನೆ!"

ಇಲ್ಲೇ ತಪ್ಪಾದದ್ದು. ಸರ್ಕಾರ ಎರಡು ವರ್ಷದ ಹಿಂದಷ್ಟೇ ಕ್ಯಾಲೆಂಡರ್ ಬದಲಿಸಿ ಹದಿಮೂರು ದಿನ ಮುಂದಕ್ಕೆ ಹಾರಿತ್ತು. ಚರ್ಚು ಹಾರಲಿಲ್ಲ, ಹಬ್ಬಗಳೂ ಹಾರಲಿಲ್ಲ. ವಿದೊಸಾವಾ ಹುಟ್ಟಿದಾಗಿನಿಂದ ಸಂತ ದಿಮಿತ್ರಿಯ ಹಬ್ಬ ಮಿತ್ರೊವ್‌ದಾನ್ ಎಂದರೆ ಅಕ್ಟೋಬರ್ ಇಪ್ಪತ್ತಾರು. ಶಾಲೆಯಲ್ಲಿ ಬಾಯಿಪಾಠ, ಮನೆಯ ಗೋಡೆಯಲ್ಲಿ ಕೆಂಪಕ್ಷರ. ಈಗ ಸರ್ಕಾರದ ಲೆಕ್ಕದಲ್ಲಿ ಅದೇ ಹಬ್ಬ ನವೆಂಬರ್ ಎಂಟಕ್ಕೆ ಬೀಳುತ್ತಿತ್ತು. ಗೆಜೆಟ್ಟಿನಲ್ಲಿ ಹೊಸ ತಾರೀಖು ಓದಿ, ಅವಳ ನಾಲಿಗೆ ಹಳೆಯ ಹಬ್ಬ ಹೇಳಿತು. ಸ್ರೆತೆನ್‌ಗೆ ಹೊಸದು ಹಳೆಯದು ಎರಡೂ ಬೇಕಿರಲಿಲ್ಲ. ಅವನಿಗೆ ಹಬ್ಬ ಯಾವ ದಿನ ಎಂದು ಪಾದ್ರಿ ಹೇಳುತ್ತಿದ್ದ.

ನಾನು ಪಕ್ಕದ ಮೇಜಿನಲ್ಲಿ ದನದ ಹೊಟ್ಟೆಯ ಸಾರು ಕುಡಿಯುತ್ತಿದ್ದೆ. ನನಗೆ ಕೇಳಿಸಿತು. ಇದನ್ನು ಮುಚ್ಚಿಟ್ಟು ಕಥೆ ಕಟ್ಟುವವನಲ್ಲ ನಾನು, ಸ್ಪಷ್ಟವಾಗಿ ಕೇಳಿಸಿತು. ಆಚೆ ದಡದಲ್ಲಿ ಹುಟ್ಟಿದ ನಮಗೆ ಸರ್ಕಾರದ ತಾರೀಖು ಒಂದು, ಚರ್ಚಿನ ತಾರೀಖು ಇನ್ನೊಂದು; ತೊಟ್ಟಿಲಲ್ಲೇ ಎರಡನ್ನೂ ಎಣಿಸಲು ಕಲಿತವರು ನಾವು. ಚಮಚ ಬಾಯಿಗಿಟ್ಟಾಗಲೇ ತಲೆಯಲ್ಲಿ ನವೆಂಬರ್ ಎಂಟು ಎಂದು ಹೊಳೆಯಿತು. ಬಾಯಿ ತೆರೆಯಲೂ ತೆರೆದೆ. ಆಗ ಹಿಂದಿನ ದಿನದ ನಗು ನೆನಪಾಯಿತು. ತಿದ್ದಿದರೆ ಮತ್ತೆ ಎಲ್ಲರನ್ನೂ ಎದ್ದು ನಿಲ್ಲಿಸುತ್ತಾಳೆ ಎಂದುಕೊಂಡೆ. ಅವಳು ದಿನಾ ಗೆಜೆಟ್ ಓದುವವಳು, ಸಂಜೆಯೊಳಗೆ ತಾನೇ ಸರಿಮಾಡಿಕೊಳ್ಳುತ್ತಾಳೆ, ಆಗ ಅವಳ ಮುಖ ನೋಡಬೇಕು ಎಂದೂ ಅಂದುಕೊಂಡೆ. ಸಾರು ಮುಗಿಸಿ ಕಿಂಡಿಗೆ ಹೋದೆ.

ಅವಳು ಸರಿಮಾಡಿಕೊಳ್ಳಲಿಲ್ಲ. ಅವಳ ತಲೆಯಲ್ಲಿ ಆ ಗಡುವು ಹಬ್ಬವಾಗಿಯೇ ಕೂತುಬಿಟ್ಟಿತ್ತು, ತಾರೀಖನ್ನು ಮತ್ತೆ ನೋಡಲಿಲ್ಲ. ನಾನು ಮರೆತೆ. ಒಂದು ವಾರದಲ್ಲಿ ಮರೆತೇಬಿಟ್ಟೆ. ಅಷ್ಟು ಹಗುರವಾಗಿತ್ತು ನನಗೆ ಅದು. ನವೆಂಬರ್ ಎರಡರಂದು ಡ್ಯಾನ್ಯೂಬಿನ ಆಚೆಯ ಒಂದು ಕಾರ್ಖಾನೆಯಿಂದ ಒಣಗಿಸುವ ಒಲೆಯ ಅರ್ಜಿ ಬಂತು, ವಿಯೆನ್ನಾದಲ್ಲಿ ಬರೆಸಿದ ಅಚ್ಚುಕಟ್ಟಾದ ನಕ್ಷೆಯೊಂದಿಗೆ. ಮುದ್ರೆ ಒತ್ತಿದ್ದು ನಾನೇ. ತೂಗುವ ತಟ್ಟೆಗಳು, ಚಕ್ರ, ಹೊರಗೆ ಹಿಡಿ. ಇದನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಅನ್ನಿಸಿದರೂ, ಹಿಂದೆ ಸಾಲು ಇದ್ದದ್ದಕ್ಕೆ ಮುಂದಿನವನನ್ನು ಕರೆದೆ.

ಸ್ರೆತೆನ್ ಬಂದದ್ದು ನವೆಂಬರ್ ಏಳು, ಸೋಮವಾರ ಬೆಳಿಗ್ಗೆ. ಕೋಟಿನ ಅಂಚು ಮಂಜಿಗೆ ಗಟ್ಟಿಯಾಗಿತ್ತು. ವಿದೊಸಾವಾ ತಾನೇ ರಸ್ತೆ ದಾಟಿಸಿ ಕರೆತಂದಳು. ನಕ್ಷೆಯ ಸುರುಳಿ ಅವಳ ಕೈಯಲ್ಲಿತ್ತು. ಆ ನಕ್ಷೆ ಈಗಲೂ ನನ್ನ ಕಣ್ಣಲ್ಲಿದೆ, ಅಷ್ಟು ಚೆಲುವಾದದ್ದನ್ನು ಅವಳು ಮತ್ತೆ ಬರೆಯಲಿಲ್ಲ.

"ನಾಳೆ ಹಬ್ಬ, ಮನೇಲಿ ಹಂದಿ ಕುಯ್ಯಾಕೆ ನಾನೇ ಇರ್ಬೇಕು" ಎಂದ ಸ್ರೆತೆನ್, ಸಾಕ್ಷಿಯ ಕಾಗದಗಳನ್ನು ಒಂದೊಂದಾಗಿ ಕಿಂಡಿಯಲ್ಲಿ ಇಡುತ್ತಾ. "ಅದಕ್ಕೇ ಒಂದಿನ ಮುಂಚೆ ಬಂದೆ ಗುಮಾಸ್ತರೇ. ಕೊನೇ ದಿನಕ್ಕೆ ಬರೋನು ಸೋಂಬೇರಿ."

ನನ್ನ ಕೈ ಮುದ್ರೆಯ ಮೇಲಿತ್ತು. ಎತ್ತಲಾಗಲಿಲ್ಲ.

"ಏನಾಯ್ತು?" ಎಂದಳು ವಿದೊಸಾವಾ.

"ಗಡುವು ಇಪ್ಪತ್ತಾರಕ್ಕೆ ಮುಗೀತು" ಎಂದೆ. "ಹನ್ನೆರಡು ದಿನ ಆಯ್ತು."

"ಇಪ್ಪತ್ತಾರು ಅಂದ್ರೆ ನಾಳೆ ತಾನೇ, ಮಿತ್ರೊ..." ಎಂದು ಶುರುಮಾಡಿದವಳು ಅಲ್ಲೇ ನಿಂತಳು. ಅವಳ ಮುಖದ ರಕ್ತವೆಲ್ಲ ಇಳಿದುಹೋದದ್ದನ್ನು ನಾನು ಕಂಡೆ. ಆ ಮುಖ ನೋಡಬೇಕೆಂದು ಆಸೆಪಟ್ಟಿದ್ದವನು ನಾನೇ.

ಅವಳು ಕಿಂಡಿಯೊಳಗೆ ಕೈ ಹಾಕಿ ಮುದ್ರೆಯನ್ನು ಹಿಡಿದಳು. "ಗವ್ರಾ ಅವ್ರೇ, ಹಿಂದಕ್ಕೆ ತಿರುಗ್ಸಿ. ನಿಮ್ಮ ಕಾಲು ಹಿಡೀತೀನಿ. ಯಾರಿಗೆ ಗೊತ್ತಾಗತ್ತೆ?"

"ದಾಖಲೆ ಪುಸ್ತಕದಲ್ಲಿ ಒಂದು ಗೆರೆನೂ ಖಾಲಿ ಇಲ್ಲ. ಒಂದರ ಕೆಳಗೊಂದು ಸಂಖ್ಯೆ. ಎಲ್ಲಿ ತೂರಿಸ್ಲಿ?"

"ಹರೀರಿ. ಹಾಳೆ ಹರೀರಿ."

ಒಳಗಿನಿಂದ ಮುಖ್ಯಾಧಿಕಾರಿ ಬಂದರು. ಕೆಟ್ಟವರಲ್ಲ, ಇಬ್ಬರು ಗಂಡುಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡ ಮುದುಕ. ಎಲ್ಲ ಕೇಳಿಸಿಕೊಂಡು ಸ್ರೆತೆನ್‌ಗೆ ಕುರ್ಚಿ ಹಾಕಿಸಿದರು. "ಮಗಾ, ಈ ಕಚೇರಿ ತೆರೆದು ಇನ್ನೂ ಒಂದೇ ವರ್ಷ. ಇವತ್ತು ನಿನಗೋಸ್ಕರ ತಾರೀಖು ಹಿಂದಕ್ಕೆ ಹೋದ್ರೆ, ನಾಳೆ ಇನ್ನೊಬ್ಬ ನಿನ್ನಂಥೋನ ವಿರುದ್ಧ ಹಿಂದಕ್ಕೆ ಹೋಗತ್ತೆ" ಎಂದರು. ಸರಿಯಾದ ಮಾತು. ಇವತ್ತಿಗೂ ಸರಿಯಾದ ಮಾತೇ. ಆಚೆಯ ಕಾರ್ಖಾನೆಯ ಅರ್ಜಿ ಐದು ದಿನದ ಹಿಂದೆ ಬಂದಿರುವುದನ್ನೂ ಹೇಳಿದರು. ಮುಚ್ಚಿಡುವುದು ಅವರಿಗೆ ಬರುತ್ತಿರಲಿಲ್ಲ.

ಸ್ರೆತೆನ್ ಕುರ್ಚಿಯಿಂದ ಎದ್ದ. "ಹಳದಿ ಬೂಟು" ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. "ಐದು ದಿನ. ಹಂಗಾದ್ರೆ ನನ್ನ ಮಿತ್ರೊವ್‌ದಾನ್ ಎಲ್ಲಿಗೋಯ್ತು? ಅವ್ನಿಗೆ ಮಾರಿದ್ರಾ? ಹಬ್ಬಾನೂ ಮಾರ್ಕಂಡ್ರಾ ನೀವು?" ಅವನು ನನ್ನ ಕಡೆ ಬಾಗಿ ಮುಖಕ್ಕೆ ಉಗುಳಿದ. ಆಮೇಲೆ ವಿದೊಸಾವಾಳ ಕಡೆ ತಿರುಗಿ, ಟೋಪಿ ತೆಗೆದು, "ನೀನೊಬ್ಳು ಬಡಿದಾಡ್ದೆ ತಂಗ್ಯವ್ವ. ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ" ಎಂದು ಹೊರಟುಹೋದ. ಅವಳು ತುಟಿ ಎರಡು ಮಾಡಲಿಲ್ಲ. ನಾನೂ ಮಾಡಲಿಲ್ಲ, ಮುಖ ಒರೆಸಿಕೊಂಡೆ.

ಮುಂದಿನದು ಕಾಗದದ ಕೆಲಸ, ಕಾಗದದ ಕೆಲಸ ನಿಧಾನ. ಕಾರ್ಖಾನೆಗೆ ಹಕ್ಕು ಸಿಕ್ಕಿತು. ಸ್ರೆತೆನ್ ತನ್ನ ಹಿತ್ತಲಿನ ಒಲೆಮನೆಯಲ್ಲಿ ತನ್ನ ಹಣ್ಣನ್ನು ಒಣಗಿಸಿಕೊಳ್ಳಬಹುದೆಂದು ಕಾನೂನು ಬಿಟ್ಟಿತ್ತು. ಬೇರೆಯವರಿಗೆ ಕಟ್ಟಿಕೊಟ್ಟ ಏಳೂ ಹೋಗಬೇಕು. ಇಪ್ಪತ್ತೆರಡರ ಆಗಸ್ಟಿನಲ್ಲಿ, ಹಣ್ಣು ಮಾಗುವ ಹೊತ್ತಿಗೆ ಸರಿಯಾಗಿ, ಕೋರ್ಟಿನವನೂ ಇಬ್ಬರು ಪೊಲೀಸರೂ ಗುಡ್ಡ ಹತ್ತಿದರು. ಊರಿನವರು ಅಡ್ಡ ನಿಂತರು. ಅವರೆಲ್ಲರನ್ನೂ ಜೈಲಿಗೆ ಹಾಕುತ್ತೇವೆ ಎಂದಾಗ ಸ್ರೆತೆನ್ ತಾನೇ ಕೊಡಲಿ ತೆಗೆದುಕೊಂಡು, ಒಂದು ಕೈಯಲ್ಲಿ, ಏಳನ್ನೂ ಒಡೆದ. ಮೂರು ದಿನ ಹಿಡಿಯಿತಂತೆ. ಆ ಏಳು ಮನೆಗಳ ಆ ವರ್ಷದ ಹಣ್ಣು ಮರದಡಿಯೇ ಕೊಳೆಯಿತು.

ಇದು ನಮಗೆ ತಿಳಿದದ್ದು ಅವನು ವಿದೊಸಾವಾಳಿಗೆ ಬರೆಸಿ ಕಳಿಸಿದ ಪತ್ರದಿಂದ. ಪತ್ರದ ಜೊತೆ ಒಂದು ಪುಟ್ಟ ಚೀಲ ಒಣಪ್ಲಮ್. 'ಆ ಕಳ್ಳರ ಗುಹೆಯಲ್ಲಿ ನೀನೊಬ್ಬಳೇ ಪ್ರಾಮಾಣಿಕಳು, ನನ್ನ ಒಲೆಯ ಹಣ್ಣು ನಿನ್ನ ಬಾಯಿಗೆ ಬೀಳಲಿ' ಎಂದು ಬರೆಸಿದ್ದ. ಮರುವರ್ಷವೂ ಚೀಲ ಬಂತು, ಅದರ ಮರುವರ್ಷವೂ. ಅಷ್ಟರಲ್ಲಿ ಅವಳ ಕೈಯ ಗುಣ ನೋಡಿ ಮುಖ್ಯಾಧಿಕಾರಿಗಳು ಕಚೇರಿಯಲ್ಲೇ ಕೆಲಸ ಕೊಟ್ಟಿದ್ದರು. ಕಾಫಿ ಅಂಗಡಿಯ ಕಿಟಕಿ ಬಿಟ್ಟು ಅವಳು ನನ್ನ ಬೆನ್ನ ಹಿಂದಿನ ಮೇಜಿಗೆ ಬಂದಳು. ತಮಾಷೆ ಮಾಡುವುದು ನಿಂತಿತ್ತು. ಯಾರಾದರೂ ಹೆಡ್ಡತನದ ಯಂತ್ರ ತಂದರೂ ಮಾತಾಡದೆ ಗೆರೆ ಎಳೆದುಕೊಡುತ್ತಿದ್ದಳು. ಆ ಚುರುಕು ನಾಲಿಗೆ ಇಲ್ಲದ ಕಚೇರಿ ನನಗೆ ಸ್ಮಶಾನದಂತಿತ್ತು ಎಂದರೆ ನಂಬುವಿರೋ ಇಲ್ಲವೋ.

ಇಪ್ಪತ್ತನಾಲ್ಕರ ಅಕ್ಟೋಬರಿನಲ್ಲಿ ಮೂರನೆಯ ಚೀಲ ಬಂದ ದಿನ ಅವಳು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

"ಇದನ್ನ ನನಗೆ ನುಂಗಕ್ಕಾಗ್ತಿಲ್ಲ" ಎಂದಳು. "ಎರಡು ವರ್ಷದ್ದೂ ಹಾಗೇ ಇದೆ, ಹುಳ ಬಿದ್ದಿದೆ. ಎಸೆಯಕ್ಕೂ ಆಗಲ್ಲ." ಚೀಲವನ್ನು ನನ್ನ ಕಡೆ ಸರಿಸಿ, "ಆ ದಿನ ನೀವು ಪಕ್ಕದ ಮೇಜಲ್ಲಿದ್ರಿ" ಎಂದಳು.

"ಇದ್ದೆ."

"ನಾನು ಮಿತ್ರೊವ್‌ದಾನ್ ಅಂದಿದ್ದು ಕೇಳಿಸ್ತಾ?"

ಸುಳ್ಳು ಹೇಳಬಹುದಿತ್ತು. ಅವಳ ಕಣ್ಣು ನನ್ನ ಮೇಲೇ ಇತ್ತು. "ಕೇಳಿಸ್ತು" ಎಂದೆ. "ತಪ್ಪು ಅಂತಲೂ ಗೊತ್ತಾಯ್ತು. ಹಿಂದಿನ ದಿನ ನೀವು ನನ್ನ ಮೇಲೆ ಎಲ್ರನ್ನೂ ನಗಿಸಿದ್ರಿ, ಅದಕ್ಕೆ ಸುಮ್ನಾದೆ."

ಅವಳು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ಅಷ್ಟಕ್ಕೇನಾ?" ಎಂದಳು, ನಿಜವಾಗಿಯೂ ತಿಳಿಯದವಳಂತೆ. ಆಮೇಲೆ ಚೀಲದ ಬಾಯಿ ಬಿಗಿದು ಕಟ್ಟಿ, "ಹಾಗಾದ್ರೆ ಇಬ್ರೂ ಹೋಗೋಣ. ಅವನ ಹಬ್ಬದ ದಿನ. ಆ ದಿನ ಬಾಗಿಲಿಗೆ ಬಂದೋರನ್ನ ಯಾರೂ ಓಡಿಸಲ್ಲ. ನನ್ನ ತಪ್ಪು ನಾನು ಹೇಳ್ತೀನಿ, ನಿಮ್ಮದು ನೀವು ಹೇಳಿ. ಅವನು ಏನು ಮಾಡ್ತಾನೋ ಮಾಡ್ಲಿ" ಎಂದಳು.

"ಆಗ್ಲಿ" ಎಂದೆ. ಮನಃಪೂರ್ವಕ ಒಪ್ಪಿದೆ. ರೈಲಿನಲ್ಲಿ ಕೂತು ಗುಡ್ಡದ ಬುಡ ತಲುಪುವವರೆಗೆ, ಅಲ್ಲಿಂದ ಗಾಡಿಯಲ್ಲಿ ಕುಲುಕುತ್ತಾ ಮೇಲೇರುವವರೆಗೆ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಲೇ ಇದ್ದೆ. ನಾಲ್ಕೇ ವಾಕ್ಯ.

ಸ್ರೆತೆನ್ ಬಾಗಿಲಲ್ಲಿ ನಿಂತು ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದ. ಮೂರು ವರ್ಷಕ್ಕೆ ಹತ್ತು ವರ್ಷ ಮುದುಕನಾಗಿದ್ದ. ವಿದೊಸಾವಾಳನ್ನು ಕಂಡು ಅವನ ಮುಖ ಅರಳಿತು, ನನ್ನನ್ನು ಕಂಡು ಗಟ್ಟಿಯಾಯಿತು. ಆದರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಒಳಗೆ ಮೇಣದ ಬತ್ತಿ ಉರಿಯುತ್ತಿತ್ತು, ಅವನ ಹೆಂಡತಿ ಬೇಯಿಸಿದ ಸಿಹಿ ಗೋಧಿಯ ತಟ್ಟೆ ಹಿಡಿದು ಬಂದಳು, ನಾವು ಶಿಲುಬೆಯ ಗುರುತು ಮಾಡಿಕೊಂಡು ಒಂದೊಂದು ಚಮಚ ತೆಗೆದುಕೊಂಡೆವು. ಮೇಜಿನ ಸುತ್ತ ಹತ್ತು ಹನ್ನೆರಡು ಜನ ಊರವರು. ಸ್ರೆತೆನ್ ತನ್ನ ಕಥೆ ಹೇಳುತ್ತಿದ್ದನೆಂದು ಕಾಣುತ್ತದೆ. ನಮ್ಮನ್ನು ನೋಡಿ ನಿಲ್ಲಿಸಿದ. "ಇವಳೇ ಕಣ್ರಪ್ಪಾ ಆ ನಕ್ಷೆಯ ತಂಗ್ಯವ್ವ" ಎಂದ. ಗಂಡಸರೆಲ್ಲ ಎದ್ದು ನಿಂತು ಅವಳಿಗೆ ಗ್ಲಾಸೆತ್ತಿದರು.

ಅವಳು ಗ್ಲಾಸು ಮುಟ್ಟಲಿಲ್ಲ. ನಿಂತೇ ಹೇಳಿದಳು. "ಅಣ್ಣಾ, ನಿಮ್ಮ ಹಬ್ಬಾನ ಯಾರೂ ಮಾರಲಿಲ್ಲ. ಗಡುವು ಸರ್ಕಾರದ ಇಪ್ಪತ್ತಾರಕ್ಕಿತ್ತು, ನಿಮ್ಮ ಮಿತ್ರೊವ್‌ದಾನ್‌ಗಿಂತ ಹದಿಮೂರು ದಿನ ಮುಂಚೆ. ತಪ್ಪು ಹೇಳಿದ್ದು ನಾನು. ಹಳೇ ಕ್ಯಾಲೆಂಡರ್ ನನ್ನ ನಾಲಿಗೆ ಮೇಲಿತ್ತು. ಕಚೇರಿಯೋರು ಯಾರೂ ಲಂಚ ತಿಂದಿಲ್ಲ. ಆ ದಿನ ಕಿಂಡಿ ಮುಂದೆ ನನಗೆ ಗೊತ್ತಾಯ್ತು, ಹೆದರಿ ಬಾಯಿ ಮುಚ್ಚಿಕೊಂಡೆ. ನೀವು ದೇವರು ಚೆನ್ನಾಗಿಟ್ಟಿರಲಿ ಅಂದ್ರಿ, ಆಗಲೂ ಮುಚ್ಚಿಕೊಂಡೆ."

ಅಷ್ಟು ಹೇಳಿ ಅವಳು ನನ್ನ ಕಡೆ ನೋಡಿದಳು. ನನ್ನ ಸರದಿ.

ಮನೆಸಂತನ ಹಬ್ಬದ ದಿನ ಮನೆಯ ಯಜಮಾನ ಕೂರುವಂತಿಲ್ಲ, ಅತಿಥಿಗಳಿಗೆ ಬಡಿಸುತ್ತಾ ನಿಂತೇ ಇರಬೇಕು. ಸ್ರೆತೆನ್ ರಾಕಿಯಾದ ಹೂಜಿ ಹಿಡಿದು ನಿಂತೇ ಇದ್ದ. ಊರವರು ತಮ್ಮ ತಟ್ಟೆ ನೋಡುತ್ತಿದ್ದರು. "ಮೂರು ವರ್ಷದಿಂದ ಆ ಕಚೇರೀಲಿ ನಂಗೊಬ್ಬ ಶತ್ರು ಇದ್ದ ತಂಗ್ಯವ್ವ" ಎಂದ. "ಬೆಳಿಗ್ಗೆ ಎದ್ರೆ ಅವನ್ನ ಬೈದು ಏಳ್ತಿದ್ದೆ. ಇವ್ರೆಲ್ಲ ನನ್ನ ಜೊತೆ ಬೈತಿದ್ರು. ಏಳು ಮನೆ ಒಲೆ ಒಡೆದೋನು ನಾನು, ಆದ್ರೂ ಯಾರೂ ನನ್ನ ಬೈಲಿಲ್ಲ, ಅವನ್ನೇ ಬೈದ್ರು. ಈಗ ನೀ ಬಂದು, ಯಾರೂ ಇಲ್ಲ ಅಂತೀಯ. ಬರೀ ತಾರೀಖು ಅಂತೀಯ."

"ನಾನಿದೀನಿ ಅಣ್ಣಾ."

"ನಿನ್ನ ಬೈಯ್ಯಾಕೆ ನಂಗೆ ಬಾಯಿ ಬರಾಕಿಲ್ಲ" ಎಂದ. "ಕೂತ್ಕೋ. ಉಣ್ಣು. ಇವತ್ತು ನೀನು ಸಂತನ ಅತಿಥಿ." ಎಲೆಕೋಸಿನಲ್ಲಿ ಸುತ್ತಿದ ಮಾಂಸದ ತುತ್ತುಗಳನ್ನು ಅವನೇ ಅವಳ ತಟ್ಟೆಗೆ ಹಾಕಿದ. ಅವಳು ಕೂತಳು. ಉಂಡಳು. ಅಷ್ಟು ಕಷ್ಟಪಟ್ಟು ಒಬ್ಬರು ಉಣ್ಣುವುದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಅವನು ಹೂಜಿ ಕೆಳಗಿಟ್ಟು ನನ್ನ ಹತ್ತಿರ ಬಂದ. ನಾನು ಎದ್ದು ನಿಂತೆ. ನಾಲ್ಕೂ ವಾಕ್ಯ ನಾಲಿಗೆಯ ತುದಿಯಲ್ಲಿದ್ದವು.

"ಗುಮಾಸ್ತರೇ" ಎಂದ. ಅವನ ಕಣ್ಣು ತುಂಬಿತ್ತು. "ನಿಮ್ಮ ಮುಖಕ್ಕೆ ಉಗುಳ್ದೋನು ನಾನು. ಊರೂರಲ್ಲಿ ನಿಮ್ಮನ್ನ ಕಳ್ಳ ಅಂದೆ. ನೀವು ನಿಮ್ಮ ಕೆಲ್ಸ ನ್ಯಾಯವಾಗಿ ಮಾಡಿದ್ರಿ. ಅಷ್ಟಾದ್ರೂ ನನ್ನ ಹಬ್ಬಕ್ಕೆ ಬಂದ್ರಿ. ಅಣ್ಣಾ, ನನ್ನ ಕ್ಷಮಿಸ್ಬೇಕು."

ನಮ್ಮಲ್ಲಿ ಮನಸ್ಸು ಕೂಡಿದವರು ಮೂರು ಸಲ ಮುತ್ತಿಡುತ್ತಾರೆ. ಅವನು ಇದ್ದೊಂದು ಕೈಯಲ್ಲಿ ನನ್ನ ಭುಜ ಹಿಡಿದು ಬಲಗೆನ್ನೆಗೆ ಮುತ್ತಿಟ್ಟ. ಎಡಗೆನ್ನೆಗೆ ಇಟ್ಟ. ವಿದೊಸಾವಾ ಚಮಚ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಮತ್ತೆ ಬಲಗೆನ್ನೆಗೆ ಇಟ್ಟ. ಮೂರನೆಯದು ಮುಗಿಯುವವರೆಗೂ ನನಗೆ ಸಮಯವಿತ್ತು.

"ದೇವರು ಕ್ಷಮಿಸಲಿ" ಎಂದೆ. ಊರವರು ಗ್ಲಾಸೆತ್ತಿದರು. ನಾನೂ ಕುಡಿದೆ, ಎರಡನೆಯ ಸಲ ಬಡಿಸಿದ್ದನ್ನೂ ಉಂಡೆ.

ಹಿಂದಿರುಗುವಾಗ ಗಾಡಿಯಲ್ಲಿ ನನ್ನ ಪಕ್ಕ ಹುಲ್ಲು ಹಾಸಿ ಕಂಬಳಿ ಇಟ್ಟಿದ್ದರು. ವಿದೊಸಾವಾ ಅದನ್ನು ದಾಟಿ, ಗಾಳಿಗೆ ಮುಖ ಕೊಟ್ಟು, ಗಾಡಿಯವನ ಪಕ್ಕದ ಹಲಗೆಯ ಮೇಲೆ ಹೋಗಿ ಕೂತಳು.